ಮೊದಲು ಔಷಧ

ನರ್ಸಬಾಯಿಯ ಬಲಗೈಯ ಮೂರು ಬೆರಳುಗಳು ಸದಾ ನೇರಳೆ ಬಣ್ಣದಲ್ಲಿರುತ್ತಿದ್ದವು. ಬಾಯಿಹುಣ್ಣಿಗೆ, ಕಜ್ಜಿಗೆ ಹಚ್ಚುವ ಔಷಧದ ಕಲೆ ಅದು. ಸೋಪಿಗೆ ಹೋಗುತ್ತಿರಲಿಲ್ಲ, ಹೋಗಲೆಂದು ಅವರು ಉಜ್ಜುತ್ತಲೂ ಇರಲಿಲ್ಲ. ಭಾನುವಾರ ಚರ್ಚಿನಲ್ಲಿ ಕರ್ತನ ಭೋಜನದ ಹೊತ್ತಿಗೆ ಅದೇ ಬೆರಳುಗಳು ರೊಟ್ಟಿಯ ತಟ್ಟೆಗೆ ಬರುತ್ತಿದ್ದವು. ತಟ್ಟೆ ಹಿಡಿದು ನಿಂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನಗೆ ಈ ನರ್ಸಬಾಯಿಯನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತೀರಿಕೊಂಡವರ ಬಗ್ಗೆ ಬರೆಯುವವರೆಲ್ಲ ಮೊದಲಿನಿಂದಲೂ ಅವರನ್ನು ಪ್ರೀತಿಸುತ್ತಿದ್ದವರಂತೆ ಬರೆಯುತ್ತಾರೆ. ನನಗೆ ಅದು ಬರುವುದಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದಾಗ ನಾನು ಮಂಗಳೂರಿನಲ್ಲಿ ದೇವಶಾಸ್ತ್ರ ಕಲಿತು, ಉಪದೇಶಿಯಾಗಿ ಕುಮಟೆಗೆ ಬಂದೆ. ವಯಸ್ಸು ಇಪ್ಪತ್ತನಾಲ್ಕು. ಪೇಟೆಯ ಅಂಚಿಗೆ ನಮ್ಮ ಮಿಶನ್ನಿನ ಹಂಚಿನ ದವಾಖಾನೆ. ಹೊನ್ನಾವರದ ಕಡೆಯ ಈ ನರ್ಸಬಾಯಿ ಆಗಲೇ ಎಂಟು ವರ್ಷದಿಂದ ಅದನ್ನು ಒಬ್ಬರೇ ನಡೆಸುತ್ತಿದ್ದರು. ಮದುವೆ ಇಲ್ಲ, ಮನೆ ಇಲ್ಲ. ದವಾಖಾನೆಯ ಹಿಂದಿನ ಕೋಣೆಯೇ ಮನೆ. ಮಿಶನ್ನಿನ ನಿಯಮ ಸ್ಪಷ್ಟವಾಗಿತ್ತು: ಬೆಳಿಗ್ಗೆ ಜಗಲಿಯಲ್ಲಿ ಕೂತ ರೋಗಿಗಳಿಗೆ ಉಪದೇಶಿ ಅರ್ಧ ಗಂಟೆ ಸುವಾರ್ತೆ ಹೇಳಬೇಕು, ಪ್ರಾರ್ಥಿಸಬೇಕು, ಆಮೇಲೆ ಔಷಧ. ತಿಂಗಳ ಕೊನೆಗೆ ಎಷ್ಟು ಮಂದಿ ಕೇಳಿದರೆಂದು ವರದಿ ಬರೆದು ಮಂಗಳೂರಿಗೆ ಕಳಿಸಬೇಕು.

ನಾನು ಬೈಬಲ್ ಕತೆಗಳ ಬಣ್ಣದ ಚಿತ್ರಗಳ ಸುರುಳಿಯನ್ನು ಕಂಬಕ್ಕೆ ತೂಗುಹಾಕಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಒಳಗಿನ ಕಿಟಕಿ ಧಡಾರನೆ ತೆರೆಯುತ್ತಿತ್ತು. "ಯಾರು ಮೊದ್ಲು ಬಂದದ್ದು? ಒಳ್ಗೆ ಬನ್ನಿ." ಜಗಲಿಯೆಲ್ಲ ಎದ್ದು ನಿಲ್ಲುತ್ತಿತ್ತು. ಹತ್ತೂವರೆಗೆ ನನ್ನೆದುರು ಖಾಲಿ ಬೆಂಚು, ಕಂಬದಲ್ಲಿ ಚಿತ್ರ.

ಹೊಟ್ಟೆಕಿಚ್ಚೂ ಇತ್ತು, ಮುಚ್ಚಿಡುವುದೇಕೆ. ಹತ್ತಿರದ ಕಾಗಾಲ ಎಂಬ ಹಳ್ಳಿಯ ಒಂದು ಮನೆಯಲ್ಲಿ ನನ್ನ ಮೇಲೆ ನಾಯಿ ಬಿಟ್ಟಿದ್ದರು. ಜಾತಿ ಕೆಡಿಸುವವನು ಬಂದ ಎಂದು ಅಂಗಳದಿಂದಲೇ ಬೈದರು. ಅದೇ ಮನೆಯಿಂದ ವಾರಕ್ಕೊಮ್ಮೆ ನರ್ಸಬಾಯಿಗೆ ಬಸಳೆಯ ಕಟ್ಟು ಬರುತ್ತಿತ್ತು. ಆಕೆಯಾದರೂ ಸಿಹಿ ಮಾತಿನವರೇ? ಅಲ್ಲವೇ ಅಲ್ಲ. ಹುಣ್ಣಿಗೆ ಸಗಣಿ ಮೆತ್ತಿಕೊಂಡು ಬಂದವರನ್ನು ಪೇಟೆಗೆಲ್ಲ ಕೇಳುವಂತೆ ಬೈಯುತ್ತಿದ್ದರು. ಬೈಸಿಕೊಂಡವರು ನಗುತ್ತ ಹೋಗಿ, ಎಂಟು ದಿನಕ್ಕೆ ಅತ್ತೆಯನ್ನೂ ಕರೆತರುತ್ತಿದ್ದರು.

ಒಂದು ದಿನ ನಾನು ಒಳಗೆ ನುಗ್ಗಿ ಕೇಳಿಯೇಬಿಟ್ಟೆ. "ಸುವಾರ್ತೆ ಇಲ್ಲದ ಔಷಧಕ್ಕೆ ಸರ್ಕಾರದ ದವಾಖಾನೆ ಸಾಲದೇ, ಬಾಯಿ? ಮತ್ತೆ ನಾವು ಯಾಕೆ ಇರುವುದು?"

ಅವರು ಸೂಜಿ ಕುದಿಸುತ್ತಿದ್ದರು. ತಿರುಗಿ ನೋಡಲಿಲ್ಲ.

"ಔಷಧ ಕೈಯಲ್ಲಿ ಹಿಡ್ಕಂಡು ಕೇಳಿದ್ರೆ ಜನ ಎಂತಕ್ಕೂ ಹೌದು ಅಂತಾರೆ. ಅದು ಹೌದು ಅಲ್ಲ, ಉಪದೇಶಿಗಳೇ. ಮೊದ್ಲು ಔಷಧ ಕೊಡುದು. ಹೋಗುಕೆ ದಾರಿ ಬಿಡುದು. ಆಮೇಲೂ ಕೂತವ್ರು ಇದ್ರೆ ಅವ್ರಿಗೆ ಹೇಳಿ."

"ಯಾರೂ ಕೂರುವುದಿಲ್ಲ."

"ಹಾಂಗಾದ್ರೆ ನಿಮ್ಮ ಮಾತೇ ಅಷ್ಟು."

ನನಗೆ ಮುಖಕ್ಕೆ ಹೊಡೆದಂತಾಯಿತು. ಅವರು ಅಷ್ಟಕ್ಕೇ ಬಿಡಲಿಲ್ಲ. "ಬೈಬಲಲ್ಲಿ ಸ್ವಾಮಿ ಹತ್ತು ಕುಷ್ಠರೋಗಿಗಳನ್ನ ಗುಣ ಮಾಡಿದ್ನಲ್ಲ. ಉಪಕಾರ ಹೇಳುಕೆ ತಿರುಗಿ ಬಂದವ ಒಬ್ನೇ. ಉಳ್ದ ಒಂಬತ್ತು ಜನಕ್ಕೆ ರೋಗ ವಾಪಸ್ ಹಚ್ಚಿದ್ನಾ? ನೀವು ಕಲ್ತವ್ರು, ಹೇಳಿ."

ಮೂರು ವರ್ಷ ದೇವಶಾಸ್ತ್ರ ಕಲಿತ ನಾನು ಅವರಲ್ಲಿ ಬೇರೆ ತಪ್ಪು ಹುಡುಕಿದೆ. "ನೀವು ರೋಗಿಗಳಿಗಾಗಿ ಪ್ರಾರ್ಥಿಸುವುದೇ ಇಲ್ಲ."

"ಬಾಗ್ಲು ತೆಗೆಯುಕೆ ಮೊದ್ಲೇ ಮಾಡಿ ಮುಗಿಸ್ತೆ. ದೇವ್ರಿಗೆ ಕೇಳಿದ್ರೆ ಆತು. ಅವ್ರಿಗೆ ಎಂತಕ್ಕೆ ಕೇಳ್ಬೇಕು?"

ಅದು ನಿಜವೆಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಬಾವಿಗೆ ಹೋಗುವಾಗ ಎಷ್ಟೋ ಸಲ ಕಿಟಕಿಯಿಂದ ಕಂಡಿದ್ದೆ. ರೋಗಿಗಳ ಬೆಂಚಿನ ಮೇಲೆ ಒಬ್ಬರೇ ಕೂತು, ಹಿಂದಿನ ದಿನ ಬಂದವರ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಹೆಸರನ್ನು ಮೆಲ್ಲನೆ ಓದುತ್ತಿದ್ದರು. ಗೌಡರ ಹೆಸರು, ಅಂಬಿಗರ ಹೆಸರು, ಸಾಹೇಬರ ಹೆಸರು. ನೇರಳೆ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು.

ಅದೇ ಮಳೆಗಾಲ ಕಳೆದ ಮೇಲೆ ಮಂಗಳೂರಿನಿಂದ ಮಿಶನ್ನಿನ ಹಿರಿಯರು ತನಿಖೆಗೆ ಬಂದರು. ಅಂದು ಜಗಲಿ ತುಂಬಿತ್ತು. ನನ್ನ ಮಾತೂ ಎಂದಿಲ್ಲದಂತೆ ಹರಿಯುತ್ತಿತ್ತು. ಕಿಟಕಿ ತೆರೆಯಿತು. "ಆ ಕೆಂಪು ಸೀರೆಯವ್ಳು, ಮಗು ಎತ್ಕಂಡು ಒಳ್ಗೆ ಬಾ. ಉಳ್ದವ್ರೂ ಸಾಲು ನಿಲ್ಲಿ." ಹಿರಿಯರ ಎದುರು ನಾನು ಖಾಲಿ ಬೆಂಚುಗಳಿಗೆ ಆಶೀರ್ವಾದ ಹೇಳಿ ಮುಗಿಸಿದೆ.

ಆ ವಾರವೇ ಮಂಗಳೂರಿಗೆ ಪತ್ರ ಬರೆದೆ. ನರ್ಸಬಾಯಿ ಸುವಾರ್ತೆಯ ಕೆಲಸಕ್ಕೆ ಅಡ್ಡಿಯಾಗಿದ್ದಾರೆ, ರೋಗಿಗಳಿಗಾಗಿ ಪ್ರಾರ್ಥಿಸುವುದಿಲ್ಲ ಎಂದು ಬರೆದೆ. ಬೆಳಗಿನ ಬೆಂಚಿನ ವಿಷಯ ಬರೆಯಲಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು.

ತಿಂಗಳೊಳಗೆ ಅವರನ್ನು ಭಟ್ಕಳಕ್ಕೆ ಕಳಿಸಿದರು. ಅಲ್ಲಿ ದವಾಖಾನೆ ಇರಲಿಲ್ಲ, ಬಾಡಿಗೆಯ ಒಂದು ಕೋಣೆ, ಅಷ್ಟೇ. ಹೊರಡುವ ದಿನ ಒಂದು ಟ್ರಂಕು, ಒಂದು ಸ್ಟವ್ವು ಹಿಡಿದು ಬಸ್ ಹತ್ತಿದರು. ನನ್ನನ್ನು ಕಂಡೂ ಕಾಣದಂತೆ ಕೂತರು. ನಾನು ಗೆದ್ದೆ ಎಂದುಕೊಂಡೆ.

ಅವರ ಜಾಗಕ್ಕೆ ಬಂದ ಕಂಪೌಂಡರು ಬಹಳ ವಿಧೇಯ. ನಾನು ಆಮೆನ್ ಹೇಳುವ ತನಕ ಕಿಟಕಿ ತೆರೆಯುತ್ತಿರಲಿಲ್ಲ. ರೋಗಿಗಳೂ ಗಟ್ಟಿಯಾಗಿ ಆಮೆನ್ ಹೇಳತೊಡಗಿದರು. ನನ್ನ ವರದಿ ದಪ್ಪವಾಯಿತು, ಮಂಗಳೂರಿನಿಂದ ಮೆಚ್ಚುಗೆಯ ಕಾಗದವೂ ಬಂತು.

ಹೀಗಿರುವಾಗ ಒಂದು ಬೆಳಿಗ್ಗೆ ಬಾಡ ಎಂಬ ಊರಿನಿಂದ ಮೀನು ಮಾರುವ ಮುದುಕಿಯೊಬ್ಬಳು ಖಾಲಿ ಬಾಟಲಿ ಹಿಡಿದು ಬಂದಳು. ನಾನಿನ್ನೂ ಚಿತ್ರವನ್ನೇ ಬಿಚ್ಚಿರಲಿಲ್ಲ. ಗೇಟಿನ ಹತ್ತಿರದಿಂದಲೇ ಕೂಗಿದಳು: "ಆಮೆನ್! ಆಮೆನ್! ಆಮೆನ್!"

"ಏನಮ್ಮ ಇದು?" ಎಂದೆ.

"ಮೂರು ಸಲ ಹೇಳ್ದೆ, ಪಾದ್ರಿಗಳೇ. ನಂದು ಒಂದು, ಗಂಡಂದು ಒಂದು, ಸೊಸೇದು ಒಂದು. ಅವ್ರಿಗೆ ಬರುಕೆ ಆಗುದಿಲ್ಲ. ಕೆಮ್ಮಿನ ಔಷಧ ಕೊಡ್ಸಿ, ಬಸ್ ಹೋಗ್ತದೆ."

ಕುಚೋದ್ಯವಲ್ಲ. ಅವಳ ಮುಖದಲ್ಲಿ ಬಸ್ಸಿನ ಆತಂಕ ಬಿಟ್ಟರೆ ಬೇರೇನೂ ಇರಲಿಲ್ಲ. ಜಗಲಿಯಲ್ಲಿ ಯಾರೂ ನಗಲಿಲ್ಲ, ಏಕೆಂದರೆ ಅವರೆಲ್ಲರೂ ಅದನ್ನು ಹಾಗೆಯೇ ತಿಳಿದಿದ್ದರು. ನಾನೇ ಒಳಗೆ ಹೋಗಿ ಬಾಟಲಿ ತುಂಬಿಸಿ ತಂದುಕೊಟ್ಟೆ. ಅಂದು ಉಪದೇಶ ಮಾಡಲಿಲ್ಲ.

ಮಂಗಳೂರಿಗೆ ಎರಡನೆಯ ಪತ್ರ ಬರೆದೆ. ಮೊದಲಿನದರಲ್ಲಿ ಸುಳ್ಳಿತ್ತು, ಅವರನ್ನು ವಾಪಸು ಕರೆಸಿ ಎಂದು. ಆದ ವ್ಯವಸ್ಥೆಯನ್ನು ಬದಲಿಸಲಾಗದು ಎಂದು ಉತ್ತರ ಬಂತು. ಇನ್ನುಳಿದದ್ದು ಆಕೆಯ ಮುಖ ನೋಡುವುದು. ಹೊನ್ನಾವರಕ್ಕೆ ಹೋಗಿ, ಶರಾವತಿ ದಾಟಿ, ಮತ್ತೊಂದು ಬಸ್ಸು ಹಿಡಿದು ಭಟ್ಕಳಕ್ಕೆ ಹೋದೆ.

ಕೋಣೆಯ ಹೊರಗೆ ನವಾಯತ ಮುಸಲ್ಮಾನರ ಹೆಂಗಸರು ಮಕ್ಕಳನ್ನೆತ್ತಿಕೊಂಡು ನಿಂತಿದ್ದರು. ಒಳಗೆ ಹೋಗಿ, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಕ್ಷಮೆಯ ಮಾತು ಶುರುಮಾಡಿದೆ.

"ನೀವು ನನ್ನ ಮೇಲೆ ಬರ್ದ ಪತ್ರ ಮಿಶನ್ನಿನವ್ರು ನಂಗೆ ಓದಿ ಹೇಳಿದ್ರು" ಎಂದರು ನಡುವೆಯೇ. "ಚಂದ ಬರಿತ್ರಿ ನೀವು."

"ಬಾಯಿ, ನಾನು..."

"ಮಾತು ಆಮೇಲೆ. ಕೈ ಖಾಲಿ ಅದೆಯಲ್ಲ, ಈ ಶಿಶುವಿನ ತಲೆ ಹಿಡಿರಿ. ಅಲ್ಲಾಡುಕೆ ಬಿಡ್ಬೇಡಿ."

ಹಿಡಿದೆ. ಅವರು ಬಾಯಿಗೆ ನೇರಳೆ ಔಷಧ ಹಚ್ಚಿದರು. ಮಗು ಉಗುಳಿತು, ನನ್ನ ಬಿಳಿ ಜುಬ್ಬ, ಬೆರಳು, ಎಲ್ಲ ನೇರಳೆ. ಅದಾದ ಮೇಲೆ ಇನ್ನೊಂದು ಮಗು, ಮತ್ತೊಂದು. ಮಧ್ಯಾಹ್ನ ಎರಡಕ್ಕೆ ಬಾಗಿಲು ಹಾಕುವಾಗ "ನಿಮ್ಗೆ ಬಸ್ಸಿನ ಹೊತ್ತಾತು" ಎಂದರು. ಕ್ಷಮಿಸಿದೆ ಎನ್ನಲಿಲ್ಲ. ಊಟಕ್ಕೂ ಕರೆಯಲಿಲ್ಲ. ಆ ಸಿಟ್ಟು ನನಗೆ ಇಂದಿಗೂ ಇದೆ, ಅವರ ಕಡೆಯೇ ನ್ಯಾಯವಿತ್ತೆಂದು ಗೊತ್ತಿದ್ದೂ.

ಅರವತ್ತರ ದಶಕದ ಕೊನೆಯಲ್ಲಿ ಅವರು ತೀರಿಕೊಂಡರು. ಹೊನ್ನಾವರದಲ್ಲಿ ಮಣ್ಣು. ಮಿಶನ್ ನನ್ನನ್ನೇ ಪ್ರಾರ್ಥನೆಗೆ ಕಳಿಸಿತು. ಹೋದರೆ ಸ್ಮಶಾನದ ಗೇಟಿನ ಹೊರಗೆಲ್ಲ ಜನ: ಭಟ್ಕಳದವರು, ಬಾಡದವರು, ಕಾಗಾಲದ ಆ ನಾಯಿ ಬಿಟ್ಟ ಮನೆಯವರು. ಒಳಗೆ ಬರಬಹುದೋ ಬಾರದೋ ಎಂದು ಬಿಸಿಲಲ್ಲಿ ನಿಂತಿದ್ದರು. ಸಭೆಯ ಹಿರಿಯರೊಬ್ಬರು ಕಿವಿಯಲ್ಲಿ ಹೇಳಿದರು: "ಇಷ್ಟು ಜನ ಮತ್ತೆ ಸಿಗುದಿಲ್ಲ. ಮೊದ್ಲು ನಿಮ್ಮ ಉಪದೇಶ ಆಗ್ಲಿ, ಮಣ್ಣು ಹಾಕುದು ಆಮೇಲೆ. ಅಲ್ಲಿವರೆಗೆ ಯಾರೂ ಹೋಗುದಿಲ್ಲ."

ನನ್ನ ಜುಬ್ಬದ ಜೇಬಿನಲ್ಲಿ ಎಂಟು ಪುಟ ಬರೆದದ್ದು ಇತ್ತು. ಅದನ್ನು ತೆಗೆಯಲಿಲ್ಲ. ಗೇಟನ್ನು ಪೂರ್ತಿ ತೆರೆಸಿ, "ಎಲ್ಲರೂ ಬಂದು ಮೊದಲು ಮಣ್ಣು ಹಾಕಿ. ಕೆಲಸ ಇದ್ದವರು ಹೋಗಬಹುದು. ಪ್ರಾರ್ಥನೆ ಆಮೇಲೆ" ಎಂದೆ. ಹಿರಿಯರ ಮುಖ ಗಂಟಿಕ್ಕಿತು. ಜನ ಒಬ್ಬೊಬ್ಬರಾಗಿ ಬಂದು ಹಿಡಿಮಣ್ಣು ಹಾಕಿದರು.

ಕೊನೆಯವರು ಹಾಕಿದ ಮೇಲೆ ನಾನು ಗೇಟಿಗೆ ಬೆನ್ನು ಮಾಡಿ ನಿಂತು, ಮೆಲ್ಲನೆ ಪ್ರಾರ್ಥನೆ ಶುರುಮಾಡಿದೆ. ಎಷ್ಟು ಮಂದಿ ಉಳಿದರೆಂದು ತಿರುಗಿ ನೋಡಲಿಲ್ಲ.