ಗ್ಯಾಸಿನ ಗುಳಿಗೆ ಎಂದು ಕೊಟ್ಟಿದ್ದು

ಕಂಪ್ಲಿಯಿಂದ ಬೆಳಿಗ್ಗೆ ಏಳಕ್ಕೆ ಹೊರಟೆವು. ಬಸ್ಸಿನ ಮೆಟ್ಟಿಲು ಹತ್ತುವ ಸ್ಥಿತಿಯಲ್ಲಿ ನಮ್ಮ ಯಜಮಾನರಿರಲಿಲ್ಲ. ಪಕ್ಕದ ಬೀದಿಯ ಹುಸೇನ್ ಸಾಬರು ಹೋಗಿಬರಲು ಸಾವಿರದ ಐನೂರಕ್ಕೆ ತಮ್ಮ ಕಾರು ತಂದರು. ತಗ್ಗಿನ ಸೀಟಿನಲ್ಲಿ ಕೂತರೆ ಸೊಂಟದ ಕೀಲು ಜಾರೀತೆಂದು ಎರಡು ದಿಂಬು ಹಾಕಿ ಕೂರಿಸಿದೆ. ತಲೆ ಕಾರಿನ ಮೇಲ್ಭಾಗಕ್ಕೆ ತಾಗುತ್ತಿತ್ತು.

"ಮದಿವಿ ದಿನಾನೂ ನನ್ನ ಇಷ್ಟು ಎತ್ತರಕ್ಕ ಕುಂದ್ರಿಸಿದ್ದಿಲ್ಲ" ಎಂದರು.

ಆರು ವರ್ಷದ ಹಿಂದೆ, ಸಂಡೂರಿನಲ್ಲಿ ಅದಿರು ಲಾರಿಗಳ ಮೆಕ್ಯಾನಿಕ್ ಆಗಿದ್ದಾಗ, ಅವರ ಎಡ ಸೊಂಟಕ್ಕೆ ಲೋಹದ ಕೀಲು ಹಾಕಿದ್ದರು. ಐದು ವರ್ಷ ಚೆನ್ನಾಗಿಯೇ ನಡೆದಾಡಿದರು. ಈ ವರ್ಷ ನೋವು ಶುರುವಾಯಿತು. ಕೀಲು ಸಡಿಲವಾಗಿದ್ದು ಎಕ್ಸ್‌ರೇಯಲ್ಲಿ ಕಂಡಿತು. ಬರೀ ಸಡಿಲವಾಗಿದ್ದರೆ ಒಂದೇ ಆಪರೇಷನ್ನಿನಲ್ಲಿ ಬದಲಾಯಿಸಬಹುದಂತೆ. ಒಳಗೆ ಸೋಂಕಿದ್ದರೆ ಎರಡು ಆಪರೇಷನ್: ಹಳೆಯದನ್ನು ತೆಗೆದು, ವಾರಗಟ್ಟಲೆ ಔಷಧಿ ಕೊಟ್ಟು, ಆಮೇಲೆ ಹೊಸದು. ಯಾವುದೆಂದು ತಿಳಿಯಲು ಅಂದು ಹೊಸಪೇಟೆಯಲ್ಲಿ ಸೂಜಿ ಹಾಕಿ ಕೀಲಿನ ನೀರು ತೆಗೆಯುವವರಿದ್ದರು.

ಬುಕ್ಕಸಾಗರದ ಹತ್ತಿರ ಗದ್ದೆಗಳಿಗೆ ನೀರು ಬಿಟ್ಟಿದ್ದರು, ಗಾಳಿ ತಂಪಾಗಿತ್ತು. ರಸ್ತೆಯ ಗುಂಡಿ ಬಂದಾಗಲೆಲ್ಲ ಅವರು ಹಲ್ಲು ಕಚ್ಚುತ್ತಿದ್ದರು, ನಾನು ಕಣ್ಣು ಮುಚ್ಚುತ್ತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದೇ ಇದು: "ಎರಡು ವಾರದಾಗ ಆಂಟಿಬಯಾಟಿಕ್ ಗುಳಿಗಿ ಏನರ ತಗೊಂಡೀರೇನ್ರಿ? ತಗೊಂಡಿದ್ರ ಸೋಂಕು ಇದ್ರೂ ಟೆಸ್ಟಿನಾಗ ಕಾಣಲಿಕ್ಕಿಲ್ಲ."

"ಒಂದೂ ಇಲ್ರಿ" ಎಂದರು ಯಜಮಾನರು.

ಅವರ ಮಟ್ಟಿಗೆ ಅದು ನಿಜ. ಹಿಂದಿನ ವಾರ ಜ್ವರ ಬಂದಾಗ ಮೆಡಿಕಲ್ ಶಾಪಿನಿಂದ ಅದೇ ಗುಳಿಗೆ ತಂದು, ಗ್ಯಾಸಿನದು ಎಂದು ಹೇಳಿ ನುಂಗಿಸಿದವಳು ನಾನು. ಗುಳಿಗೆ ಕಂಡರೆ ಮುಖ ತಿರುಗಿಸುವ ಈ ಮನುಷ್ಯನಿಗೆ ಮೂವತ್ತು ವರ್ಷದಿಂದ ಹೀಗೇ ಕೊಡುತ್ತ ಬಂದಿದ್ದೇನೆ, ಜಾಣೆ ಎಂದು ಬೀಗಿದ್ದೂ ಉಂಟು. ಆಗಲೇ ಬಾಯಿ ಬಿಡಬೇಕಿತ್ತು. ಎಲ್ಲರೆದುರು ಕಳ್ಳಿಯಾಗುತ್ತೇನೆಂದು ಹೆದರಿ ಸುಮ್ಮನೆ ಕುಳಿತೆ. ಸೂಜಿ ಹಾಕಿ ನೀರು ತೆಗೆದದ್ದೂ ಆಯಿತು.

ವಾಪಸು ಬರುವಾಗ ಹಂಪಿ ರಸ್ತೆ ಹಿಡಿದು, ಕಡ್ಡಿರಾಂಪುರದಲ್ಲಿ ಚಹಾಕ್ಕೆ ನಿಂತೆವು. ಮಿರ್ಚಿ ಆಗಷ್ಟೇ ಎಣ್ಣೆಯಿಂದ ತೆಗೆದಿದ್ದರು. ಯಜಮಾನರು ಕಾರಿನೊಳಗೇ ಕೂತು ತಿನ್ನುತ್ತ, "ಸೋಂಕಿಲ್ಲ ಅಂತ ಬಂದ್ರ ಒಂದ ಆಪರೇಷನ್ನಿಗೆ ಮುಗೀತು ನೋಡು. ಆಮ್ಯಾಲ ಹಂಪಿ ಎಲ್ಲಾ ಸುತ್ತೋಣು" ಎಂದರು.

ಸೋಂಕಿರುವ ಜಾಗಕ್ಕೇ ಹೊಸ ಕೀಲು ಕೂರಿಸಿಬಿಟ್ಟರೆ ಗತಿಯೇನು? ಲೋಟ ಕೆಳಗಿಟ್ಟೆ.

"ನಾ ಕೊಟ್ಟಿದ್ದು ಗ್ಯಾಸಿನ ಗುಳಿಗಿ ಅಲ್ರಿ" ಎಂದೆ. ಉಳಿದದ್ದನ್ನೂ ಹೇಳಿದೆ.

ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅರ್ಧ ಮಿರ್ಚಿಯನ್ನು ಕಾಗದದಲ್ಲಿಟ್ಟು, "ಸಾಬ್ರ, ಗಾಡಿ ಹೊಸಪ್ಯಾಟಿಗೆ ತಿರುಗಸ್ರಿ" ಎಂದರು.

ಅವರು ಬಿಟ್ಟ ಬೈಗುಳವನ್ನು ಡಾಕ್ಟರಮ್ಮ ತೀರಿಸಿದರು. "ಇವತ್ತಿನ ಟೆಸ್ಟಿನಾಗ ಏನೂ ಇಲ್ಲ ಅಂತ ಬಂದ್ರೂ ನಂಬಂಗಿಲ್ಲ. ಎರಡು ವಾರ ಬಿಟ್ಟು ಮತ್ತ ಸೂಜಿ ಹಾಕಬೇಕಾಗ್ತೈತಿ. ಜ್ವರ ಬಂದಿದ್ದನ್ನೂ ಮುಚ್ಚಿಟ್ಟೀರಿ, ನನಗ ಅದ ಭಾಳ ಚಿಂತಿ. ಇನ್ನೊಮ್ಮೆ ಜ್ವರ ಬಂದ್ರ ತಕ್ಷಣ ಫೋನ್ ಮಾಡ್ರಿ, ನೀವ ಗುಳಿಗಿ ಕೊಡಬ್ಯಾಡ್ರಿ." ನೋವಿಗೆಂದು ಬೇರೆ ಗುಳಿಗೆ ಬರೆದುಕೊಟ್ಟರು; ಅಲ್ಲೇ ಕೊಂಡುಕೊಂಡೆ.

ಮತ್ತೆ ಕಂಪ್ಲಿ ದಾರಿ. ಬಿಸಿಲು ಏರಿತ್ತು. ಬುಕ್ಕಸಾಗರ ದಾಟುವಾಗ ಸೂಜಿ ಹಾಕುವಾಗ ಕೊಟ್ಟಿದ್ದ ಅರಿವಳಿಕೆ ಇಳಿದು ಅವರು ನರಳತೊಡಗಿದರು. ಡಾಕ್ಟರಮ್ಮ ಬರೆದ ಗುಳಿಗೆಯನ್ನೂ ನೀರನ್ನೂ ಕೊಟ್ಟೆ. ಅವರು ಬಾಯಿಗೆ ಹಾಕಿಕೊಳ್ಳಲಿಲ್ಲ. ಜೇಬಿನಿಂದ ಕನ್ನಡಕ ತೆಗೆದು, ಗುಳಿಗೆ ಪಟ್ಟಿಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಅದನ್ನೂ ಡಾಕ್ಟರಮ್ಮನ ಚೀಟಿಯನ್ನೂ ಮುಂದಿನ ಸೀಟಿಗೆ ಚಾಚಿ, "ಸಾಬ್ರ, ಸ್ವಲ್ಪ ನಿಲ್ಲಿಸಿ ನೋಡ್ರಿ, ಇದು ನೋವಿನ ಗುಳಿಗಿ ಹೌದೇನ್ರಿ?" ಎಂದರು.

ಹುಸೇನ್ ಸಾಬರು ಕಾರು ಬದಿಗೆ ನಿಲ್ಲಿಸಿ, ಚೀಟಿಗೆ ಹೋಲಿಸಿ ನೋಡಿ, "ಹೌದ್ರಿ" ಎಂದರು. ಆಗ ನುಂಗಿದರು.