ಹೆಗಲು ಕೊಡದ ಗೇರು

ಊಟಕ್ಕೆ ಕುಳಿತಾಗಲೂ ನಮ್ಮ ಶಿವಲಿಂಗಣ್ಣನ ಎಡಗೈ ಸುಮ್ಮನಿರುತ್ತಿರಲಿಲ್ಲ. ಬಲಗೈ ರೊಟ್ಟಿ ಮುರಿಯುತ್ತಿದ್ದರೆ, ಎಡಗೈ ಮೊಣಕಾಲಿನ ಪಕ್ಕದಲ್ಲಿ ಕಾಣದ ಹಿಡಿಕೆಯೊಂದನ್ನು ಮುಂದಕ್ಕೆ ತಳ್ಳಿ, ನಡುವೆ ತಡೆದು, ಹಿಂದಕ್ಕೆ ಎಳೆಯುತ್ತಿತ್ತು.

"ಯಣ್ಣಾ, ಗಾಡಿ ನಿಂದರಸು. ಪಲ್ಯೆ ಹಾಕತೇನಿ" ಎಂದು ನಾನು ನಗುತ್ತಿದ್ದೆ.

"ಏರು ಬಂದೈತಿ, ತಡಿ ತಂಗೆವ್ವಾ" ಎಂದು ಅವನೂ ನಗುತ್ತಿದ್ದ.

ಅಣ್ಣ ಗೋಕಾಕದಿಂದ ಹುಕ್ಕೇರಿಗೂ ಮೂಡಲಗಿಗೂ ಹೋಗುವ ಸರ್ವಿಸ್ ಮೋಟಾರಿನ ಡ್ರೈವರ್. ಅದಕ್ಕೂ ಮೊದಲು ಅಪ್ಪನ ಜೊತೆ ಬಾಡಿಗೆಯ ಚಕ್ಕಡಿ ಹೊಡೆದವನು. ಮೋಟಾರು ಕಲಿತರೂ ಅವನ ಮಾತು ಚಕ್ಕಡಿಯದೇ ಉಳಿಯಿತು. ನೊಗ ಎತ್ತಿ ಹಿಡಿದು ಕರೆದರೆ ಪಳಗಿದ ಎತ್ತು ತಾನೇ ಬಂದು ಅದರಡಿ ಹೆಗಲು ಕೊಡುತ್ತದೆ. ಕೊರಳು ಹಿಡಿದು ಎಳೆಯಬೇಕಾಗಿಲ್ಲ. ಮೋಟಾರಿನ ಗೇರೂ ಹಾಗೆಯೇ ಎಂದು ಅಣ್ಣ ನಂಬಿದ್ದ. ಆಗಿನ ಗಾಡಿಗಳಲ್ಲಿ ಗೇರು ಬದಲಿಸಲು ಕ್ಲಚ್ಚನ್ನು ಎರಡು ಸಲ ತುಳಿಯಬೇಕು. ನಡುವೆ ಇಂಜಿನ್ನಿನ ದನಿ ಹದಕ್ಕೆ ಬರುವವರೆಗೆ ಕಾಯಬೇಕು. ಅಣ್ಣ ಹಿಡಿಕೆಯನ್ನು ನಡುವೆ ನಿಲ್ಲಿಸಿ, ಕಿವಿಗೊಟ್ಟು, "ಹೆಗಲ ಕೊಡಪಾ" ಎನ್ನುತ್ತಿದ್ದ. ಗೇರು ಸದ್ದಿಲ್ಲದೆ ಕೂಡುತ್ತಿತ್ತು.

ಅವನ ಜೊತೆಯ ಡ್ರೈವರ್ ಹುಸೇನಸಾಬರಿಗೆ ಈ ತಾಳ್ಮೆ ಇರಲಿಲ್ಲ. ಅವರ ಗಾಡಿ ಹೊರಟರೆ ಗೇರಿನ ಬೀಸುಕಲ್ಲಿನಂಥ ಕರಕರ ಸದ್ದು ಪೇಟೆಗೆಲ್ಲ ಕೇಳುತ್ತಿತ್ತು.

"ಸಾಬರ, ಹಿಟ್ಟು ಸಣ್ಣಗ ಬಿತ್ತೇನ್ರಿ?" ಎಂದು ಅಣ್ಣ ಕೂಗುತ್ತಿದ್ದ.

"ನಿನ್ನಂಗ ಗೇರಿಗೆ ಜೋಗುಳ ಹಾಡಕೊಂತ ಕುಂತ್ರ ಮಂದಿ ನಡಕೊಂತನ ಹುಕ್ಕೇರಿ ಮುಟ್ಟತಾರ, ಹೋಗೋ!" ಎಂದು ಅವರು ತಿರುಗಿ ಕೂಗುತ್ತಿದ್ದರು.

ನನ್ನನ್ನು ತುಕ್ಕಾನಟ್ಟಿಗೆ ಕೊಡುವುದೆಂದು ಗೊತ್ತಾದಾಗ ಅತ್ತೆಯಾಗುವವರು ಅರೆಮನಸ್ಸಿನಿಂದ ಒಪ್ಪಿದ್ದರು. "ಮೋಟಾರ ಹೊಡಿಯೋ ಮಂದಿಗೆ ನೆಲಿ ಎಲ್ಲೈತಿ?" ಎಂದು ಅವರು ಆಡಿದ ಮಾತು ನಮ್ಮ ಮನೆಯವರೆಗೂ ಬಂದಿತ್ತು. ಅಪ್ಪ ತೀರಿದ ಮೇಲೆ ಮನೆಗೆ ಹಿರಿಯನೆಂದರೆ ಅಣ್ಣನೇ. ಅವನು ಮಾಲೀಕರನ್ನು ಕೇಳಿ ಮದುವೆಯ ದಿನಕ್ಕೆ ಗಾಡಿ ತಂದ. ತಾನೇ ತೊಳೆದ, ತಾನೇ ಮಾವಿನೆಲೆ ಕಟ್ಟಿದ. ಅಂಕಲಗಿಯಿಂದ ನಮ್ಮ ದಿಬ್ಬಣ ಮೋಟಾರಿನಲ್ಲಿ ಹೊರಟಿತು.

ತುಕ್ಕಾನಟ್ಟಿ ಇನ್ನೊಂದು ಹರದಾರಿ ಇರುವಾಗ, ಕಾಲುವೆ ಪಕ್ಕದ ಕಿರಿದಾದ ದಾರಿಯಲ್ಲಿ ಜೋಳದ ಕಣಿಕೆ ಹೇರಿದ ಚಕ್ಕಡಿಯೊಂದು ಎದುರಾಯಿತು. ಅದಕ್ಕೆ ದಾರಿ ಬಿಡಲೆಂದು ಅಣ್ಣ ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡ. ಚಕ್ಕಡಿ ದಾಟಿ ಹೋಯಿತು. ಗೇರು ಮಾತ್ರ ಹಿಂದಕ್ಕೆ ಹೋಗುವುದರಲ್ಲೇ ಕಚ್ಚಿಕೊಂಡು ಕುಳಿತಿತು. ಅಣ್ಣ ಕ್ಲಚ್ಚು ತುಳಿದ, ಇಂಜಿನ್ನು ನಿಲ್ಲಿಸಿ ಮತ್ತೆ ಶುರು ಮಾಡಿದ, ಕೆಳಗಿಳಿದು ತಳಕ್ಕೆ ಹೊಕ್ಕು ನೋಡಿದ. "ಹೆಗಲ ಕೊಡಪಾ, ಇವತ್ತೊಂದ ದಿನ" ಎಂದು ಅವನು ಬೇಡಿಕೊಂಡದ್ದು ನನಗೆ ಕೇಳಿಸಿತು. ಗೇರು ಒಪ್ಪಲಿಲ್ಲ.

"ಊರಾಗಿಂದ ಚಕ್ಕಡಿ ತರಸೂಣು" ಎಂದರು ನಮ್ಮ ಸೋದರಮಾವ.

"ಅವು ಬರೂದ್ರಾಗ ಅಕ್ಕಿಕಾಳಿನ ಮುಹೂರ್ತ ಮೀರತೈತಿ, ಮಾವಾ. ಗಾಡಿ ಹಿಂದಕ ಹೋಗಾಕ ತಯಾರ ಐತಿ. ಹಿಂದಕನ ಹೋಗೂಣು."

"ಮದುಮಗಳನ್ನ ಹಿಂದ ಹಿಂದಕ ಒಯ್ತಿ? ಬೀಗರು ಏನಂದಾರು?"

ಅಣ್ಣ ಕೊಯ್ಲು ಮುಗಿದ ಹೊಲಕ್ಕೆ ಗಾಡಿ ಇಳಿಸಿ, ಹಿಂದಕ್ಕೇ ದೊಡ್ಡ ಸುತ್ತು ಹೊಡೆದು, ಗಾಡಿಯ ಬೆನ್ನು ತುಕ್ಕಾನಟ್ಟಿಯ ಕಡೆ ಬರುವಂತೆ ದಾರಿಗೆ ತಂದ. ಹಿಂದಿನ ಬಾಗಿಲು ತೆಗೆದು ಕಟ್ಟಿದ. ಆ ಬಾಗಿಲಲ್ಲಿ ಹೊರಗೆ ಮುಖ ಮಾಡಿ ನನ್ನನ್ನು ಕೂರಿಸಿ, ಆಚೀಚೆ ಹಿಡಿದುಕೊಳ್ಳಲು ಚಿಗವ್ವಂದಿರನ್ನು ಕೂರಿಸಿದ.

"ತಂಗೆವ್ವಾ, ನನಗ ಹಿಂದಿಂದು ಕಾಣೂದಿಲ್ಲ. ದಾರಿ ನೀನ ಹೇಳಬೇಕು."

ಬಾಸಿಂಗ ಕಟ್ಟಿದ ಮದುಮಗಳು ನಾನು, ಬಾಯಿ ಬಿಟ್ಟು ಕೂಗಿದೆ: "ಎಡಕ್ಕ!" ಗಾಡಿ ನೇರವಾಗಿ ಕಾಲುವೆಯ ಕಡೆಗೇ ಹೊರಳಿತು. ಹೆಂಗಸರೆಲ್ಲ ಚೀರಿದರು. ಅಣ್ಣ ಬ್ರೇಕು ಹಾಕಿ ಜೋರಾಗಿ ನಕ್ಕ. "ನಿನ್ನ ಎಡ ನನಗ ಬಲ ಆಗತೈತಿ, ಹುಚ್ಚಿ! ಕಾಲವಿ ಕಡೆ, ಹೊಲದ ಕಡೆ ಅನ್ನು." ಆಮೇಲೆ ತಪ್ಪಲಿಲ್ಲ. "ಕಾಲವಿ ಕಡೆ... ಹೊಲದ ಕಡೆ... ಹೊಲದ ಕಡೆ" ಎಂದು ಕೂಗುತ್ತ ನಾನು ನನ್ನ ಗಂಡನ ಊರಿಗೆ ಬಂದೆ.

ಊರ ಮುಂದೆ ಅತ್ತೆ ಆರತಿ ಹಿಡಿದು ನಿಂತಿದ್ದರು. ವಾಲಗದವರು ಗಾಡಿಯ ಬೆನ್ನು ನೋಡಿ ಬಾರಿಸುವುದನ್ನೇ ನಿಲ್ಲಿಸಿದರು.

"ಏನಿದು? ಬೆನ್ನ ತೋರಿಸಿ ಬೀಗತನ ಮಾಡಾಕ ಬಂದೀರೇನು?" ಎಂದರು ಅತ್ತೆ. "ನಾ ಆರತಿ ಎಲ್ಲಿ ಬೆಳಗಲಿ?"

ಅಣ್ಣ ಇಳಿದು ಬಂದ. ಮುಖದ ತುಂಬ ಗ್ರೀಸು. ಕೈ ಮುಗಿದು ಹೇಳಿದ: "ಅವ್ವಾರ, ಗಾಡಿ ಮಾರಿ ನಮ್ಮೂರ ಕಡೆ ಐತಿ, ನನ್ನ ತಂಗಿ ಮಾರಿ ನಿಮ್ಮೂರ ಕಡೆ ಐತಿ. ನೀವು ಮನಿ ತುಂಬಿಸಿಕೊಳ್ಳೂದು ಗಾಡೀನೋ, ತಂಗೀನೋ?"

ಅತ್ತೆ ನನ್ನನ್ನೇ ನೋಡುತ್ತ ನಿಂತರು. ಆಮೇಲೆ ಅವರ ಆರತಿ ಅಲುಗಾಡತೊಡಗಿತು. ಅವರಿಗೆ ನಗು ತಡೆಯಲಾಗಲಿಲ್ಲ. ಹಿಂದಿನ ಬಾಗಿಲಿಗೇ ಆರತಿ ಬೆಳಗಿ, ಅಲ್ಲೇ ಕುಂಕುಮ ಹಚ್ಚಿದರು.

ಅಕ್ಕಿಕಾಳು ಬಿದ್ದ ಮೇಲೆ ಅಣ್ಣ ಗಾಡಿಯ ತಳ ಸೇರಿ ಗೇರು ಬಿಡಿಸುತ್ತಿದ್ದ. ಪಂಕ್ತಿಗೆ ಎಲೆ ಹಾಕಿಯಾಗಿತ್ತು. "ಮೊದಲ ಆ ಡ್ರೈವರ ಬೀಗರನ್ನ ಕರೀರಿ. ಅವರು ಬರೂತನಕ ಯಾರೂ ಎಲಿಗೆ ಕೈ ಹಚ್ಚಬ್ಯಾಡ್ರಿ" ಎಂದು ಅತ್ತೆ ಹೇಳಿದರು. ಮುಂದೆ ಅವರೇ ಊರಿಗೆಲ್ಲ, "ನಮ್ಮ ಸೊಸಿ ಮೋಟಾರಿಗೆ ದಾರಿ ಹೇಳಕೊಂತ ಬಂದಾಕಿ" ಎಂದು ಹೇಳಿಕೊಳ್ಳುತ್ತಿದ್ದರು. ಅಣ್ಣನಂತೂ ದಸರೆಯಲ್ಲಿ ಗಾಡಿ ಪೂಜೆ ಮಾಡಿದಾಗಲೆಲ್ಲ ಹಿಂದಿನ ಬಾಗಿಲಿಗೂ ಕುಂಕುಮ ಹಚ್ಚುತ್ತಿದ್ದ.

ಯುದ್ಧ ಶುರುವಾಗಿ ಪೆಟ್ರೋಲು ಸಿಗದಾದಾಗ ಇದ್ದಿಲ ಅನಿಲದಿಂದ ಓಡಲೆಂದು ಗಾಡಿಗಳಿಗೆ ಒಲೆ ಕಟ್ಟಿದರು. ದಿನವೂ ಅದನ್ನು ಹೊತ್ತಿಸಿ ಊದುವುದು ಅಣ್ಣನ ಕೆಲಸವಾಯಿತು. ಆ ಹೊಗೆ ಅವನ ಎದೆಗೆ ಇಳಿಯಿತು. ನಾನು ಕೊನೆಯ ಸಲ ಹೋದಾಗ ಮಾತಿಗೆ ಉಸಿರು ಸಾಲುತ್ತಿರಲಿಲ್ಲ. ಎಡಗೈ ಮಾತ್ರ ಹೊದ್ದ ಕೌದಿಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ನಡುವೆ ನಿಲ್ಲುತ್ತಿತ್ತು, ಕಾಯುತ್ತಿತ್ತು. ನಾನು ಅದರ ಮೇಲೆ ನನ್ನ ಕೈ ಇಟ್ಟೆ.

"ಏರು ಭಾಳ ಐತೇನು, ಯಣ್ಣಾ?"

"ಕಾಲವಿ ಕಡೆ," ಎಂದ. ಕಣ್ಣು ನಗುತ್ತಿತ್ತು.

ಅವನು ತೀರಿಕೊಂಡಾಗ, ಶವ ಹೊರುವ ಬೊಂಬಿನ ವಿಮಾನದಲ್ಲಿ ಅವನನ್ನು ಕೂರಿಸಿ, ಹೂ ಮುಡಿಸಿ ಎತ್ತುವ ಹೊತ್ತಿಗೆ ಸ್ಟ್ಯಾಂಡಿನ ಡ್ರೈವರುಗಳೆಲ್ಲ ಬಂದಿದ್ದರು. ಎತ್ತಲು ಅವಸರಪಟ್ಟವರನ್ನು ಹುಸೇನಸಾಬರು ಕೈ ಮಾಡಿ ತಡೆದರು. ಎಲ್ಲರೂ ಬೊಂಬಿನ ಬಳಿ ಬಗ್ಗಿ, ಉಸಿರು ಸಮ ಮಾಡಿಕೊಳ್ಳುವವರೆಗೆ ಸಾಬರು ಕಾದರು. ಆಮೇಲೆ ಸಣ್ಣ ದನಿಯಲ್ಲಿ, "ಈಗ ಹೆಗಲ ಕೊಡ್ರಿ" ಎಂದರು.

ವಿಮಾನ ಒಂದಿಷ್ಟೂ ಕುಲುಕದೆ ಮೇಲೆದ್ದಿತು. ನಾನು ಹಿಂದೆ ನಡೆದೆ. ಈ ಸಲ ಅಣ್ಣನ ಮುಖ ಹೋಗುವ ದಾರಿಯ ಕಡೆಗಿತ್ತು.