ಮೂರನೇ ಮೇಜಿನ ಗಿರಾಕಿ

ನಮ್ಮ ಬೀದಿಯ ಹೋಟೆಲಿನ ಅಡುಗೆಯವನಿಗೆ ಈ ದೇಶದಲ್ಲಿರಲು ಕಾಗದಪತ್ರವಿಲ್ಲ. ಅವನಿಲ್ಲದೆ ಆ ಹೋಟೆಲಿಗೆ ಗತಿಯಿಲ್ಲ. ಹೆಚ್ಚುವುದು, ಬೇಯಿಸುವುದು, ಪಾತ್ರೆ ತಿಕ್ಕುವುದು, ಸೋರುವ ನಲ್ಲಿಗೆ ಬಟ್ಟೆ ಸುತ್ತುವುದು ಎಲ್ಲ ಅವನದೇ. ಏನು ಹೇಳಿದರೂ "ಆಗೋಯ್ತು ಸಾರ್" ಎನ್ನುತ್ತಾನೆ. ಅಷ್ಟರಲ್ಲಿ ಆಗಿಯೂ ಇರುತ್ತದೆ. ತಪಾಸಣೆಯವರು ಬಂದರೆ ಮಾತ್ರ ಏಪ್ರನ್ ಬಿಚ್ಚಿ, ಮಾಲೀಕರ ಕೋಟು ತೊಟ್ಟು, ಮೂರನೇ ಮೇಜಿನ ಗಿರಾಕಿಯಾಗುತ್ತಾನೆ. ಮಾಲೀಕರೇ ಒಲೆ ಮುಂದೆ ಬೆವರಿ, ಅವನಿಗೆ ತಟ್ಟೆ ತಂದಿಡುತ್ತಾರೆ. ಮೊನ್ನೆ ಬಂದ ಅಧಿಕಾರಿ, "ಊಟ ಹೇಗಿದೆ?" ಎಂದು ಅವನನ್ನೇ ಕೇಳಿದರು. "ಉಪ್ಪು ಸ್ವಲ್ಪ ಕಮ್ಮಿ" ಎಂದ. ಅವರು ಹೋದಮೇಲೆ ಮಾಲೀಕರು, "ಏಳಯ್ಯ, ಹೋದ್ರು" ಎಂದರು. "ಇನ್ನೆರಡು ತುತ್ತು ಸಾರ್" ಎಂದು ತಲೆ ತಗ್ಗಿಸಿದ. ಒಂಬತ್ತು ವರ್ಷದಲ್ಲಿ ಅವನು ಅಲ್ಲಿ ಕೂತು ಉಂಡದ್ದು ನಾಲ್ಕು ಸಲ. ತಪಾಸಣೆ ನಡೆದದ್ದೂ ನಾಲ್ಕೇ ಸಲ.